ಹದಿನಾಲ್ಕನೆಯ ನಂಬರಿನ ಕೋಟು

ನಾಯಗಾಂವ್ ಸ್ಟೇಷನ್ನಿಗಿಳಿದು ಉಪ್ಪಿನಗದ್ದೆ ದಾಟಿದರೆ
ಪ್ಲೈವುಡ್ಡಿನ ಕೋಟೆ. ಒಳಗೆ ಸಾವಿರದೆಂಟುನೂರ ಐವತ್ತೇಳು.
ಬುರುಜಿಗೆ ಒರಗಬೇಡಿ, ಬಣ್ಣ ಹಸಿ ಉಂಟು
ಎಂದು ದಿನಾ ಯಾರಾದರೊಬ್ಬರು ಕೂಗುತ್ತಾರೆ.

ನಾನು ಡ್ರೆಸ್ಸಿನ ಹೆಂಗಸು, ಹೆಜಮಾಡಿಯ ವಾರಿಜಾ.
ಎಪ್ಪತ್ತು ಕೆಂಪು ಕೋಟು, ಎಪ್ಪತ್ತು ಮುಂಡಾಸು,
ಒಂದು ಡಬ್ಬಿ ಸೂಜಿ. ನನ್ನ ಸೈನ್ಯ ಇಷ್ಟೇ.

ಬೆಳಿಗ್ಗೆ ಕಂಪನಿ ಸರಕಾರದ ಕಡೆ ಸತ್ತವರೇ
ಊಟ ಮುಗಿಸಿ ಬಂದು ಬಂಡಾಯದ ಕಡೆ ಸಾಯುತ್ತಾರೆ.
ಕೋಟು ಬಿಚ್ಚಿ ಮುಂಡಾಸು ಸುತ್ತುವಷ್ಟರಲ್ಲಿ
ದೇಶ ಬದಲಾಗುತ್ತದೆ; ಬೆವರು ಅದೇ.

ಕಥೆ ಪ್ರೇಮದ್ದು. ಕೋವಿಮದ್ದು ಅರೆಯುವವನ ಮಗಳು,
ರಿಸಾಲೆಯ ಸವಾರ. ಕ್ಯಾಮೆರಾ ಮೂರು ಸಲ
ಅವಳ ಕಣ್ಣಿಗೆ ಹೋಗಿ ಮೂರು ಸಲ ಹಿಂದೆ ಬರುತ್ತದೆ,
ಅಷ್ಟರಲ್ಲಿ ಗಾಳಿಯಂತ್ರದವನು ಬೀಡಿಗೆ ಹೋಗಿರುತ್ತಾನೆ.
ಕಟ್ ಅಂದ ಕೂಡಲೆ ಅವಳು ಒಂದು ವ್ಯಾನಿಗೆ, ಅವನು ಇನ್ನೊಂದಕ್ಕೆ.
ಅವಳಿಗೆ ಮೊಳಕೆ ಹೆಸರುಕಾಳು. ಅವನಿಗೆ ಮೊಟ್ಟೆಯ ಬಿಳಿ.
ಎಂಟು ತಿಂಗಳಲ್ಲಿ ಒಂದು 'ಊಟ ಆಯಿತಾ' ಕೇಳಿದ್ದಿಲ್ಲ.

ಸವಾರನ ಎದೆಗೆ ಗುಂಡು ತಾಗಿದ್ದು ಮಾರ್ಚಿನಲ್ಲಿ.
ಸಾಯಬೇಕಿತ್ತು. ರೇಟಿಂಗ್ ಏರಿತು, ಸಾಯಲಿಲ್ಲ.
ಆ ತೂತನ್ನು ಹನ್ನೊಂದು ಅಂಗಿಗಳಿಗೆ ಕೊರೆದವಳು ನಾನು,
ಟೇಪು ಹಿಡಿದು, ಮೂರನೆಯ ಗುಂಡಿಯಿಂದ ಎರಡು ಬೆರಳು ಎಡಕ್ಕೆ.
ಪ್ರೀತಿಗೆ ಇಂಥ ಲೆಕ್ಕ ಬೇಕೆಂದು ಗೊತ್ತಿರಲಿಲ್ಲ.

ಹದಿನಾಲ್ಕನೆಯ ನಂಬರಿನ ಕೋಟು ತೊಡುವವನು
ಭಾಯಂದರದ ಧೋಂಡು ಘಾಡಿ. ಮಾತು ಕಮ್ಮಿ.
ಸಾಯುವ ಕೆಲಸದಲ್ಲಿ ಇಪ್ಪತ್ತು ವರ್ಷದ ಅನುಭವ.
ಮೊಣಕಾಲು ನೋವೆಂದು ಮೆಲ್ಲ ಬೀಳುತ್ತಾನೆ,
ನಿರ್ದೇಶಕ ಬೈಯುತ್ತಾನೆ:
ಗುಂಡು ತಾಗಿದ್ದು ಮಾರಾಯ, ನಿದ್ದೆ ಬಂದದ್ದಲ್ಲ!

ಸಂಜೆ ಕೋಟುಗಳ ಜೇಬು ತಡಕುವುದೂ ನನ್ನ ಕೆಲಸವೇ.
ಉಳಿದವರದ್ದರಲ್ಲಿ ಬೀಡಿ, ತಂಬಾಕಿನ ಚೂರು.
ಹದಿನಾಲ್ಕರಲ್ಲಿ ಒಂದು ದಿನ ಎರಡು ಪೆಪ್ಪರಮಿಂಟು.
ಮರೆತನೇನೋ ಎಂದು ಎತ್ತಿಟ್ಟೆ, ಮರುದಿನ ಕೊಟ್ಟೆ.
'ಸತ್ತವನ ಜೇಬಿನದ್ದು ಸತ್ತವನಿಗೇ ವಾಪಸು ಕೊಡುತ್ತಾರಾ?' ಎಂದ.

ಆಮೇಲೆ ನಾನು ಕೇಳಲಿಲ್ಲ.
ಸುಟ್ಟ ಶೇಂಗಾ. ನನ್ನ ಕೈಚೀಲದಿಂದ ಕಳಚಿ ಬಿದ್ದ
ಒಂದು ಗುಂಡಿ; ಬಿದ್ದದ್ದು ನನಗೇ ಗೊತ್ತಿರಲಿಲ್ಲ.
ಜನರೇಟರ್ ಕೈಕೊಟ್ಟು ಶೂಟಿಂಗ್ ನಿಂತ ದಿನ
ಮಡಚಿದ ಕಾಗದದಲ್ಲಿ ಉಪ್ಪು,
ಗದ್ದೆಯಿಂದ ಹೆಕ್ಕಿದ್ದು, ಇನ್ನೂ ಒದ್ದೆ.
ನಾನೂ ಸುಮ್ಮನಿರಲಿಲ್ಲ: ಅವನ ಪ್ಯಾಂಟಿನ ಮೊಣಕಾಲಿಗೆ
ಒಳಗಿನಿಂದ ಹತ್ತಿ ಇಟ್ಟು ಹೊಲಿದೆ, ನಾಲ್ಕು ಪದರ.
ಅಂದಿನಿಂದ ಆತ ಧಡ್ಡನೆ ಸಾಯತೊಡಗಿದ.
ನಿರ್ದೇಶಕ ಚಪ್ಪಾಳೆ ತಟ್ಟಿದ.

ಐವತ್ತೆರಡು ವರ್ಷ ನನಗೆ. ವಿರಾರ್ ಲೋಕಲ್ಲಿನಲ್ಲಿ
ಕಿಟಕಿ ಸಿಕ್ಕರೆ ಸಾಕು ಎನ್ನುವ ವಯಸ್ಸು.
ಇದಕ್ಕೆ ಏನು ಹೆಸರು ಎಂದು ಯಾರೂ ಕೇಳಲಿಲ್ಲ, ಪುಣ್ಯ.

ಯುದ್ಧ ಒಂದು ಶುಕ್ರವಾರ ಮುಗಿಯಿತು.
ಗೆಲ್ಲಲೂ ಇಲ್ಲ, ಸೋಲಲೂ ಇಲ್ಲ. ಚಾನೆಲ್ಲಿನವರು ಫೋನು ಮಾಡಿದರು.
ಸವಾರನ ಒಂದು ಕಾಲು ರಿಕಾಪಿನಲ್ಲಿ ಹಾಗೇ ಉಳಿಯಿತು,
ಸೋಮವಾರ ಆ ಹೊತ್ತಿಗೆ ಯಾವುದೋ ಹಾವಿನ ಕಥೆ.
ಕೋಟೆ ಬಿಚ್ಚುವಾಗ ಕಂಡಿತು, ಗೋಡೆಗಳ ಬೆನ್ನಿಗೆಲ್ಲ
ಹಳೆಯ ಅಕ್ಕಿ ಜಾಹೀರಾತು, ನಗುವ ಮಗು.
ಧೋಂಡುವನ್ನು ಪುರಾಣದ ಸೆಟ್ಟಿಗೆ ಕರೆದರಂತೆ,
ವಾನರ ಸೇನೆಗೆ.
ಅಲ್ಲಿ ಬಾಲ ಉಂಟು, ಜೇಬಿಲ್ಲ.

ದಾದರಿನ ಬಾಡಿಗೆ ಅಂಗಡಿಯವನು ಕೋಟು ಎಣಿಸಿದ.
ಅರವತ್ತೊಂಬತ್ತು. ಮತ್ತೆ ಎಣಿಸಿದ.
ಒಂಬೈನೂರು ರೂಪಾಯಿ ಸಂಬಳದಲ್ಲಿ ಮುರಿಯುತ್ತೇವೆ ಎಂದರು,
ಮುರಿಯಿರಿ ಎಂದೆ.
ನಮ್ಮದು ಒಂದೇ ಕೋಣೆಯ ಮನೆ.
ಹುಡುಕಿದರೆ ಸಿಕ್ಕೀತು.